ಕೇಳಿದಿರಿ, ಹೇಳುತ್ತೇನೆ: ಬಾಬಿ ಓರ್ ಅವರಿಗೆ ಯಾರೂ ತೋರಿಸದ ಕಾಗದ

ಐಸ್ ಹಾಕಿಯಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು ಎಂದು ಓದುಗರೊಬ್ಬರು ಕೇಳಿದ್ದರು. ಕಳೆದ ಸಂಚಿಕೆಯಲ್ಲಿ ನಾನು ಬಾಬಿ ಓರ್ ಎಂದು ಎರಡೇ ಸಾಲಿನಲ್ಲಿ ಉತ್ತರಿಸಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಎರಡು ಸಾಲು ಯಾರಿಗೂ ಸಾಲಲಿಲ್ಲ ಎಂದು ತೋರುತ್ತದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರದೇ. ಹೊಸ ಓದುಗರಿಗೆ ಒಂದು ಮಾತು: ನಾನು ಬೋಸ್ಟನ್ನಿನಲ್ಲಿ ನೆಲೆಸಿರುವ ಧಾರವಾಡದವಳು, ವೃತ್ತಿಯಿಂದ ಲೆಕ್ಕಪತ್ರ ನೋಡುವವಳು. ಆಟಗಾರರ ಬದುಕನ್ನು ಓದುವಾಗ ಗೋಲುಗಳ ಜೊತೆಗೆ ಕರಾರುಪತ್ರಗಳ ಮೇಲೂ ನನ್ನ ಕಣ್ಣು ಹೋಗುತ್ತದೆ.

ನಿಮ್ಮ ಉತ್ತರದ ಪಕ್ಕದ ಚಿತ್ರದಲ್ಲಿ ಆಟಗಾರ ಗಾಳಿಯಲ್ಲಿ ಅಡ್ಡಡ್ಡಲಾಗಿ ತೇಲುತ್ತಿದ್ದಾರೆ. ಅದು ನಿಜವಾದ ಫೋಟೊವೇ, ಕಂಪ್ಯೂಟರಿನಲ್ಲಿ ಜೋಡಿಸಿದ್ದೇ?
– ಶಿವಮೊಗ್ಗದ ವಿದ್ಯಾರ್ಥಿ

ಅಪ್ಪಟ ನಿಜ. 1970ರ ಮೇ 10ರಂದು, ಹಳೆಯ ಬೋಸ್ಟನ್ ಗಾರ್ಡನ್ ಕ್ರೀಡಾಂಗಣದಲ್ಲಿ, 'ಬೋಸ್ಟನ್ ರೆಕಾರ್ಡ್ ಅಮೆರಿಕನ್' ಪತ್ರಿಕೆಯ ರೇ ಲೂಸಿಯರ್ ತೆಗೆದದ್ದು. ಗೋಲಿನ ಬದಿಯಲ್ಲಿದ್ದ ಬೇರೊಬ್ಬ ಛಾಯಾಗ್ರಾಹಕರು ಬಾಯಾರಿಕೆ ಆರಿಸಿಕೊಳ್ಳಲು ಎದ್ದು ಹೋದಾಗ, ಖಾಲಿಯಾದ ಆ ಜಾಗದಲ್ಲಿ ಲೂಸಿಯರ್ ಕುಳಿತರು ಎಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ.

ಆ ದಿನ ನ್ಯಾಷನಲ್ ಹಾಕಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್‌ಗಾಗಿ ನಡೆದ ಅಂತಿಮ ಸರಣಿಯ ನಾಲ್ಕನೇ ಪಂದ್ಯ. ಓರ್ ಅವರ ತಂಡ ಬೋಸ್ಟನ್ ಬ್ರೂಯಿನ್ಸ್ ಮೊದಲ ಮೂರನ್ನೂ ಗೆದ್ದಿತ್ತು. ನಾಲ್ಕನೆಯದರಲ್ಲಿ ಎದುರಾಳಿ ಸೇಂಟ್ ಲೂಯಿಸ್ ಬ್ಲೂಸ್ ಮುಂದಿದ್ದಾಗ ಬೋಸ್ಟನ್ 3–3 ಸಮ ಮಾಡಿ ಪಂದ್ಯವನ್ನು ಹೆಚ್ಚುವರಿ ಅವಧಿಗೆ ಎಳೆಯಿತು. ಈ ಅವಧಿಯಲ್ಲಿ ಮೊದಲ ಗೋಲು ಬಿದ್ದ ಕ್ಷಣ ಆಟ ಮುಗಿಯುತ್ತದೆ. ನಲವತ್ತನೇ ಸೆಕೆಂಡಿನಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಿ. ಎದುರಾಳಿಗಳು ಪಕ್ಕನ್ನು, ಅಂದರೆ ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆಯನ್ನು, ಬದಿಯ ಹಲಗೆಗುಂಟ ಹೊರದಬ್ಬುತ್ತಿದ್ದಾರೆ. ಓರ್ ರಕ್ಷಣಾ ಆಟಗಾರ, ಹಿಂದೆ ಸರಿದು ಕಾಯುವುದು ಸುರಕ್ಷಿತ. ಅವರು ಮುನ್ನುಗ್ಗಿ ಅದನ್ನು ತಡೆಯುತ್ತಾರೆ. ತಪ್ಪಿದ್ದರೆ ಅವರ ಹಿಂದೆ ಬಟ್ಟಬಯಲು. ತಡೆದದ್ದನ್ನು ಗೋಲಿನ ಹಿಂಬದಿಯಲ್ಲಿದ್ದ ಡೆರೆಕ್ ಸ್ಯಾಂಡರ್ಸನ್‌ಗೆ ಕೊಟ್ಟು, ನಿಲ್ಲದೆ ಗೋಲಿನ ಬಾಯಿಗೆ ಓಡುತ್ತಾರೆ. ಸ್ಯಾಂಡರ್ಸನ್ ಮರಳಿಸಿದ ಪಕ್ಕನ್ನು ಓರ್ ಹೊಡೆದಾಗ ಅದು ಎದುರಾಳಿ ಗೋಲ್‌ಕೀಪರ್ ಗ್ಲೆನ್ ಹಾಲ್ ಅವರ ಕಾಲುಗಳ ನಡುವೆ ತೂರುತ್ತದೆ. ಅದೇ ಹೊತ್ತಿಗೆ ಎದುರಾಳಿ ತಂಡದ ನೋಯೆಲ್ ಪಿಕಾರ್ಡ್ ಅವರ ಸ್ಟಿಕ್ ಓರ್ ಕಾಲಿಗೆ ಸಿಕ್ಕಿ ಮೇಲಕ್ಕೆತ್ತುತ್ತದೆ. ಎಡವಿದ ರಭಸಕ್ಕೆ ಗೆದ್ದ ಸಂತೋಷದ ಜಿಗಿತವೂ ಸೇರಿದ ಘಳಿಗೆ ಅದು. ಚಿತ್ರದಲ್ಲಿ ಅವರ ಮುಖ ನೋಡಿ: ಬೀಳುತ್ತಿರುವವರ ಭಯ ಅಲ್ಲಿಲ್ಲ, ಬಾಯಿ ತೆರೆದು ಕೂಗುತ್ತಿದ್ದಾರೆ. ಬೋಸ್ಟನ್‌ಗೆ 1941ರ ನಂತರ ಬಂದ ಮೊದಲ ಕಪ್ ಅದು. ಓರ್ ಅವರಿಗೆ ಆಗ 22 ವರ್ಷ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹಾಕಿ ಆಡುತ್ತೇವೆ. ಹಿಂದೆ ನಿಂತು ಆಡುವವರನ್ನು ಸಾರ್ವಕಾಲಿಕ ಶ್ರೇಷ್ಠ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಗೋಲು ಹೊಡೆಯುವವರನ್ನು ಬಿಟ್ಟು ಇವರನ್ನೇಕೆ ಆರಿಸಿದಿರಿ?
– ಪೊನ್ನಂಪೇಟೆಯ ಓದುಗರು

ಕೊಡಗಿನಿಂದ ಈ ಪ್ರಶ್ನೆ ಬಂದದ್ದು ನನಗೆ ಬಹಳ ಇಷ್ಟವಾಯಿತು, ಏಕೆಂದರೆ ಆಟ ಬಲ್ಲವರೇ ಕೇಳುವ ಪ್ರಶ್ನೆ ಇದು. ನಿಮ್ಮ ಹಾಕಿಯಲ್ಲಿ ಹಿಂದಿನ ಆಟಗಾರರು ಪೆನಾಲ್ಟಿ ಕಾರ್ನರ್‌ನಲ್ಲಿ ಮುಂದೆ ಬಂದು ಗೋಲು ಹೊಡೆಯುವುದುಂಟು. ಐಸ್ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಇಲ್ಲ. ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಮಂದಿ, ಇನ್ನೂರು ಅಡಿ ಉದ್ದದ ರಿಂಕ್ ಎಂಬ ಹಿಮದ ಅಂಗಳ, ಸುತ್ತ ಹಲಗೆಯ ಗೋಡೆ. ಪಕ್ಕು ಗೋಡೆಗೆ ಬಡಿದು ಮರಳುತ್ತದೆ, ಗೋಲಿನ ಹಿಂದೆಯೂ ಆಟ ನಡೆಯುತ್ತದೆ. ಒಂದು ನಿಮಿಷ ಆಡುವಷ್ಟರಲ್ಲಿ ಕಾಲು ಸೋತು ಬೆಂಚಿಗೆ ಮರಳಬೇಕು, ಬೇರೆಯವರು ಇಳಿಯುತ್ತಾರೆ. ಇಬ್ಬರು ರಕ್ಷಣಾ ಆಟಗಾರರ ಕೆಲಸ 1966ರಲ್ಲಿ ಓರ್ ಬರುವ ತನಕ ಸರಳವಾಗಿತ್ತು: ಎದುರಾಳಿಯನ್ನು ತಡೆ, ಪಕ್ಕನ್ನು ಮುಂದಿನವರಿಗೆ ಕೊಡು, ಮನೆ ಕಾಯಿ.

ಓರ್ ಬೆಳೆದದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ಯಾರಿ ಸೌಂಡ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಸ್ಫೋಟಕ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಹತ್ತಾರು ಹುಡುಗರು ಒಂದೇ ಪಕ್ಕಿಗೆ ಮುಗಿಬೀಳುತ್ತಿದ್ದರು. ಅದು ಕೈಗೆ ಸಿಕ್ಕಿದವನು ಎಲ್ಲರನ್ನೂ ತಪ್ಪಿಸಿ ಎಷ್ಟು ಹೊತ್ತು ಇಟ್ಟುಕೊಳ್ಳಬಲ್ಲ ಎಂಬುದೇ ಆಟ. ಊರಿನ ತರಬೇತುದಾರ ಬಕೋ ಮೆಕ್‌ಡೊನಾಲ್ಡ್ ತಾವೇ ಹಿಂದೆ ದೊಡ್ಡ ಲೀಗಿನಲ್ಲಿ ರಕ್ಷಣಾ ಆಟಗಾರರಾಗಿದ್ದವರು. ಅವರು ಈ ಹುಡುಗನನ್ನು ಹಿಂದೆ ನಿಲ್ಲಿಸಿದರು, ಆದರೆ ಪಕ್ಕು ಹಿಡಿದು ಓಡುವುದನ್ನು ಬಿಡಿಸಲಿಲ್ಲ. ಆ ತರಬೇತುದಾರರಿಗೆ ಹಾಕಿ ಜಗತ್ತು ಋಣಿಯಾಗಿರಬೇಕು. ಹಿಂದಿನಿಂದ ಹೊರಟವನಿಗೆ ಇಡೀ ರಿಂಕ್ ಎದುರಿಗೇ ಕಾಣುತ್ತದೆ. ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ತೆರೆದಿದೆ ಎಂದು ನೋಡಿಕೊಂಡೇ ಓಡಬಹುದು. ಓರ್ ತಮ್ಮ ಗೋಲಿನ ಹಿಂದಿನಿಂದ ಪಕ್ಕು ಎತ್ತಿಕೊಂಡು ಎದುರಾಳಿಯ ಗೋಲಿನ ತನಕ ಹೋಗುತ್ತಿದ್ದರು. ದಾಳಿ ಮುರಿದರೆ ಎಲ್ಲರಿಗಿಂತ ಮೊದಲು ಹಿಂದಕ್ಕೆ ಮರಳಿ ತಮ್ಮ ಜಾಗದಲ್ಲಿರುತ್ತಿದ್ದರು. ಈ ಮರಳುವಿಕೆಯನ್ನು ಜನ ಮರೆಯುತ್ತಾರೆ. ಹಳೆಯ ಪಂದ್ಯಗಳ ದೃಶ್ಯ ನೋಡುವಾಗ ನಾನು ಗೋಲುಗಳಿಗಿಂತ ಅದನ್ನೇ ಹೆಚ್ಚು ನೋಡುತ್ತೇನೆ.

ಅಂಕಿ ಬೇಕೆಂದರೆ ಇಲ್ಲಿದೆ. 1969–70ರಲ್ಲಿ ಅವರು 33 ಗೋಲು ಹೊಡೆದು 87 ಗೋಲುಗಳಿಗೆ ನೆರವಾದರು, ಒಟ್ಟು 120 ಅಂಕ. ನ್ಯಾಷನಲ್ ಹಾಕಿ ಲೀಗಿನಲ್ಲಿ ಆ ವರ್ಷ ಅತಿ ಹೆಚ್ಚು ಅಂಕ ಅವರದೇ. ರಕ್ಷಣಾ ಆಟಗಾರರೊಬ್ಬರು ಅಂಕಪಟ್ಟಿಯ ತುದಿಗೇರಿದ್ದು ಅದೇ ಮೊದಲು. 1974–75ರಲ್ಲಿ 46 ಗೋಲುಗಳೊಂದಿಗೆ ಅದನ್ನೇ ಮತ್ತೊಮ್ಮೆ ಮಾಡಿದರು. ಅವರ ನಂತರ ಬೇರಾವ ರಕ್ಷಣಾ ಆಟಗಾರರಿಗೂ ಅದು ಸಾಧ್ಯವಾಗಿಲ್ಲ. ಆದರೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಅಂಕಿ 1970–71ರದು. ಒಬ್ಬ ಆಟಗಾರ ಹಿಮದ ಮೇಲಿದ್ದಾಗ ಅವರ ತಂಡ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆಯುವ ಒಂದು ಲೆಕ್ಕವಿದೆ, ಕೆಲವು ಬಗೆಯ ಗೋಲುಗಳನ್ನು ಹೊರಗಿಟ್ಟು. ಆ ವರ್ಷ ಓರ್ ಅವರ ಲೆಕ್ಕ 124. ಇಂದಿಗೂ ಅದನ್ನು ಯಾರೂ ಮುರಿದಿಲ್ಲ. ಗೋಲು ಹೊಡೆಯಲು ಮುಂದೆ ಹೋದವರು ಮನೆಯನ್ನು ಬಾಗಿಲು ತೆರೆದು ಬಿಟ್ಟು ಹೋಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಶ್ರೇಷ್ಠ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ 1968ರಿಂದ 1975ರ ತನಕ ಸತತ ಎಂಟು ವರ್ಷ ಅವರ ಬಳಿಯೇ ಉಳಿಯಿತು. ಅದಕ್ಕೆ ಹಿಂದಿನ ವರ್ಷ ಅದನ್ನು ಪಡೆದ ಹ್ಯಾರಿ ಹೋವೆಲ್, ಇನ್ನು ಮುಂದೆ ಇದು ಆ ಹುಡುಗನ ಸೊತ್ತು, ಈಗಲೇ ಸಿಕ್ಕಿದ್ದು ಒಳ್ಳೆಯದಾಯಿತು ಎಂಬರ್ಥದ ಮಾತಾಡಿದ್ದರು. ಓರ್ ಆಗ ಆಡಿದ್ದು ಒಂದೇ ಋತು!

ನೀವು ಆಟಗಾರರಾದ್ದರಿಂದ ಇನ್ನೆರಡು ಸಂಗತಿ. ಓರ್ ಸ್ಕೇಟ್ ಒಳಗೆ ಸಾಕ್ಸ್ ಹಾಕುತ್ತಿರಲಿಲ್ಲ, ಬರಿಗಾಲಿಗೇ ತೊಟ್ಟು ದಾರ ಬಿಗಿಯುತ್ತಿದ್ದರು. ಬೇರೆಯವರು ಸ್ಟಿಕ್ಕಿನ ಅಲಗಿಗೆ ದಪ್ಪಗೆ ಟೇಪು ಸುತ್ತಿದರೆ ಅವರ ಸ್ಟಿಕ್ಕಿನಲ್ಲಿ ಟೇಪು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಯಿತು, ಕೊನೆಗೆ ಇಲ್ಲವೆಂಬಷ್ಟು. ಹಿಮವನ್ನೂ ಪಕ್ಕನ್ನೂ ಆದಷ್ಟು ನೇರವಾಗಿ ಮುಟ್ಟಬೇಕೆಂಬ ಹಂಬಲ ಎಂದೇ ನಾನು ಅದನ್ನು ತಿಳಿದಿದ್ದೇನೆ.

ವೇನ್ ಗ್ರೆಟ್ಸ್ಕಿ ಅವರ 2,857 ಅಂಕಗಳೆಲ್ಲಿ, ಓರ್ ಅವರ 915 ಎಲ್ಲಿ? ಲೆಕ್ಕದವರು ನೀವೇ ಹೀಗೆ ಹೇಳಬಹುದೇ?
– ಟೊರೊಂಟೊದ ಕನ್ನಡಿಗರು

ಗ್ರೆಟ್ಸ್ಕಿ ಆಡಿದ್ದು 1,487 ಪಂದ್ಯ, ಓರ್ 657. ಪಂದ್ಯಕ್ಕೆ ಇಷ್ಟು ಎಂದು ಭಾಗಿಸಿದರೂ ಗ್ರೆಟ್ಸ್ಕಿಯೇ ಮುಂದು, ನಿಮ್ಮ ಲೆಕ್ಕ ಸರಿ. ಆದರೆ ಗ್ರೆಟ್ಸ್ಕಿ ಮುಂದಿನ ಸಾಲಿನ ಆಟಗಾರ. ಓರ್ ತಮ್ಮ ಸ್ಥಾನದ ಕೆಲಸವನ್ನೇ ಬೇರೆ ಮಾಡಿಬಿಟ್ಟರು. ನನ್ನ ಅಭಿಪ್ರಾಯ ಬದಲಾಗಿಲ್ಲ.

ನನ್ನ ಮಗಳಿಗೆ ಕಬಡ್ಡಿ ಆಡುವಾಗ ಮಂಡಿಯ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು, ಈಗ ಮತ್ತೆ ಓಡುತ್ತಿದ್ದಾಳೆ. ಓರ್ ಮಂಡಿ ನೋವಿನಿಂದ 30ನೇ ವಯಸ್ಸಿಗೇ ಆಟ ಬಿಟ್ಟರೆಂದು ಬರೆದಿದ್ದಿರಿ. ಅಷ್ಟು ದೊಡ್ಡ ಆಟಗಾರನಿಗೆ ಒಳ್ಳೆಯ ವೈದ್ಯರು ಸಿಗಲಿಲ್ಲವೇ?
– ಹುಬ್ಬಳ್ಳಿಯ ತಾಯಿ

ಮಗಳು ಓಡುತ್ತಿದ್ದಾಳೆಂದು ಓದಿ ಸಂತೋಷವಾಯಿತು. ವೈದ್ಯರ ಕೊರತೆ ಇರಲಿಲ್ಲ, ಆ ಕಾಲದ ವೈದ್ಯಕೀಯವೇ ಅಷ್ಟಿತ್ತು. ಇಂದು ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಕೆಲಸಕ್ಕೆ 1960ರ ದಶಕದಲ್ಲಿ ಇಡೀ ಮಂಡಿಯನ್ನು ಕೊಯ್ದು ತೆರೆಯುತ್ತಿದ್ದರು. ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ ಹರಿದಿದ್ದರೆ ಅದನ್ನು ತೆಗೆದುಹಾಕುವುದೇ ಆಗಿನ ರೂಢಿ. ಮೆತ್ತೆ ಹೋದ ಮೇಲೆ ಮೂಳೆಗೆ ಮೂಳೆ ತಿಕ್ಕುತ್ತದೆ, ಪ್ರತಿ ಋತುವಿಗೂ ಇನ್ನಷ್ಟು ಸವೆಯುತ್ತದೆ. ಓರ್ ಅವರ ಎಡ ಮಂಡಿಗೆ ಹನ್ನೆರಡಕ್ಕೂ ಹೆಚ್ಚು ಸಲ ಕತ್ತಿ ಬಿತ್ತು. ಅವರ ಆಟದ ಬಗೆಯೂ ಕಾರಣ: ಪಕ್ಕು ಯಾವಾಗಲೂ ಅವರ ಬಳಿಯೇ ಇದ್ದರೆ ಡಿಕ್ಕಿ ಹೊಡೆಯಲು ಬರುವವರೂ ಅವರ ಬಳಿಗೇ ಬರುತ್ತಾರೆ.

1972ರಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ನಡೆದ ಪ್ರಸಿದ್ಧ ಸರಣಿಯಲ್ಲಿ ಮಂಡಿಯ ಕಾರಣಕ್ಕೆ ಅವರು ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 1975–76ರ ಋತುವಿನಲ್ಲಿ ಹತ್ತೇ ಪಂದ್ಯ. ಅದಾದ ಮೇಲೆ 1976ರ ಸೆಪ್ಟೆಂಬರಿನಲ್ಲಿ ಕೆನಡಾ ಕಪ್ ಬಂತು. ಜಗತ್ತಿನ ಅತ್ಯುತ್ತಮ ಆಟಗಾರರೆಲ್ಲ ಸೇರಿದ್ದ ಆ ಟೂರ್ನಿಯಲ್ಲಿ, ನೆಟ್ಟಗೆ ಮಡಚಲಾಗದ ಮಂಡಿಯಲ್ಲಿ ಆಡಿ, ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡರು. ದೇಶಕ್ಕಾಗಿ ಆಡುವ ಅವಕಾಶ ಅವರಿಗೆ ಮೊದಲೇ ಒಮ್ಮೆ ಕೈತಪ್ಪಿತ್ತು, ಎರಡನೆಯದನ್ನು ಅವರು ಬಿಡಲಿಲ್ಲ. ಬಿಟ್ಟು ಮಂಡಿ ಉಳಿಸಿಕೊಳ್ಳಬೇಕಿತ್ತು ಎಂದು ಹೇಳುವವರಿದ್ದಾರೆ. ಉಳಿಸಿಕೊಳ್ಳಲು ಆ ಮಂಡಿಯಲ್ಲಿ ಆಗ ಏನೂ ಉಳಿದಿರಲಿಲ್ಲ.

ಓರ್ ಆಟ ಬಿಡುವ ಹೊತ್ತಿಗೆ ಕೈ ಖಾಲಿಯಾಗಿತ್ತು, ಮ್ಯಾನೇಜರ್ ಮೋಸ ಮಾಡಿದ ಎಂದು ಓದಿದ್ದೇನೆ. ತನ್ನ ಕಾಗದಪತ್ರ ತಾನೇ ಓದಿಕೊಳ್ಳದಿದ್ದರೆ ಅದು ಅವರದೇ ದಡ್ಡತನವಲ್ಲವೇ?
– ದಾವಣಗೆರೆಯ ವ್ಯಾಪಾರಿ

ಅಲ್ಲ. ಈ ಮಾತನ್ನು ನಾನು ನನ್ನ ಕಚೇರಿಯಲ್ಲೂ ಕೇಳುತ್ತೇನೆ, ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಮೋಸ ಹೋದವರನ್ನು ದಡ್ಡರೆಂದು ಕರೆದ ತಕ್ಷಣ ಮೋಸ ಮಾಡಿದವರ ಭಾರ ಅರ್ಧ ಇಳಿದುಬಿಡುತ್ತದೆ. ಓರ್ ಏಕೆ ನಂಬಿದರು ಎಂಬುದನ್ನು ಮೊದಲು ನೋಡೋಣ.

ಆ ಕಾಲದಲ್ಲಿ ಐಸ್ ಹಾಕಿ ಆಟಗಾರರು ತಂಡದ ಮ್ಯಾನೇಜರ್ ಎದುರು ಒಬ್ಬರೇ ಕುಳಿತು, ಹೇಳಿದ ಸಂಬಳಕ್ಕೆ ತಲೆಯಾಡಿಸಿ ಬರುತ್ತಿದ್ದರು. 1966ರಲ್ಲಿ 18 ವರ್ಷದ ಓರ್ ಪರವಾಗಿ ಅಲನ್ ಈಗಲ್ಸನ್ ಎಂಬ ಟೊರೊಂಟೊದ ವಕೀಲರು ಮಾತಾಡಿದರು. ಹೊಸಬರಿಗೆ ಅದುವರೆಗೆ ಯಾರೂ ಕೇಳಿರದಷ್ಟು ಸಂಬಳ ಕೊಡಿಸಿದರು. ಅದನ್ನು ಕಂಡು ಬೇರೆ ಆಟಗಾರರೂ ಅವರ ಬಳಿ ಬಂದರು. 1967ರಲ್ಲಿ ಆಟಗಾರರ ಸಂಘ ಕಟ್ಟಿದಾಗ ಈಗಲ್ಸನ್ ಅವರೇ ಅದರ ಮುಖ್ಯಸ್ಥರಾದರು. 1971ರಲ್ಲಿ ಓರ್ ಅವರಿಗೆ ವರ್ಷಕ್ಕೆ ಎರಡು ಲಕ್ಷ ಡಾಲರಿನಂತೆ ಐದು ವರ್ಷದ ಕರಾರು, ಅಂದರೆ ಐಸ್ ಹಾಕಿಯ ಮೊದಲ ಹತ್ತು ಲಕ್ಷ ಡಾಲರಿನ ಕರಾರು ಆಯಿತು. ಇಷ್ಟು ಮಾಡಿಕೊಟ್ಟವರನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು? ಓರ್ ಈಗಲ್ಸನ್ ಅವರನ್ನು ಅಣ್ಣನಂತೆ ಕಂಡರು. ಹಣದ ವ್ಯವಹಾರವನ್ನು ಪೂರ್ತಿ ಅವರ ಕೈಗಿತ್ತು ಹಿಮದ ಮೇಲೆ ತಮ್ಮ ಕೆಲಸ ನೋಡಿಕೊಂಡರು.

ಕುತ್ತು ಇದ್ದದ್ದು ಕುರ್ಚಿಗಳಲ್ಲಿ. ಒಬ್ಬರೇ ವ್ಯಕ್ತಿ ಆಟಗಾರರ ಖಾಸಗಿ ಏಜೆಂಟ್, ಆಟಗಾರರ ಸಂಘದ ಮುಖ್ಯಸ್ಥ, ಅಂತಾರಾಷ್ಟ್ರೀಯ ಪಂದ್ಯಗಳ ಸಂಘಟಕ. ಜೊತೆಗೆ ತಂಡಗಳ ಮಾಲೀಕರೊಡನೆ ಗೆಳೆತನ. ಸಂಬಳ ಕೇಳುವವರೂ ಕೊಡುವವರೂ ಒಂದೇ ಊಟದ ಮೇಜಿನಲ್ಲಿ ಕುಳಿತಿದ್ದಾಗ ಆಟಗಾರನ ಪರ ನಿಲ್ಲುವವರು ಯಾರು? ಲೆಕ್ಕ ಪರಿಶೀಲನೆಯ ಮೊದಲ ಪಾಠವೇ ಇದು, ಕಾಯುವವರೂ ಎಣಿಸುವವರೂ ಒಬ್ಬರೇ ಆಗಬಾರದು.

1976ರಲ್ಲಿ ಓರ್ ಅವರ ಕರಾರು ಮುಗಿಯಿತು. ಬ್ರೂಯಿನ್ಸ್ ಮಾಲೀಕರು ಅವರನ್ನು ಉಳಿಸಿಕೊಳ್ಳಲು ಸಂಬಳದ ಜೊತೆಗೆ ತಂಡದಲ್ಲೇ ಶೇಕಡ 18.5ರಷ್ಟು ಪಾಲು ಕೊಡುವ ಪ್ರಸ್ತಾಪ ಇಟ್ಟಿದ್ದರು. ಈ ಪಾಲಿನ ವಿಷಯವನ್ನು ಈಗಲ್ಸನ್ ತಮಗೆ ಹೇಳಲೇ ಇಲ್ಲ, ಷಿಕಾಗೊ ಕೊಡುವುದೇ ಹೆಚ್ಚು ಎಂದು ನಂಬಿಸಿದರು ಎಂಬುದು ಓರ್ ಅವರ ಮಾತು. ಓರ್ ಷಿಕಾಗೊ ಬ್ಲ್ಯಾಕ್ ಹಾಕ್ಸ್ ಸೇರಿದರು. ಇಂದು ಬ್ರೂಯಿನ್ಸ್ ತಂಡದ ಬೆಲೆ ನೂರು ಕೋಟಿ ಡಾಲರಿಗೂ ಹೆಚ್ಚು, ಅದರಲ್ಲಿ ಶೇಕಡ 18.5 ಎಷ್ಟೆಂದು ವ್ಯಾಪಾರಿಗಳಾದ ನಿಮಗೆ ನಾನು ಹೇಳಬೇಕಿಲ್ಲ. ಈಗ ಹೇಳಿ, ಕಣ್ಣೆದುರಿಗೆ ಬಾರದ ಕಾಗದವನ್ನು ಯಾರು ಓದಬಲ್ಲರು?

ಷಿಕಾಗೊದಲ್ಲಿ ಅವರು ಆಡಲಾದದ್ದು ಒಟ್ಟು 26 ಪಂದ್ಯ. ಆಡದ ಆಟಕ್ಕೆ ಹಣ ಬೇಡ ಎಂದು ಅಲ್ಲಿನ ಸಂಬಳದ ಚೆಕ್ಕುಗಳನ್ನು ಅವರು ಬ್ಯಾಂಕಿಗೆ ಹಾಕಲಿಲ್ಲ. 1978ರ ನವೆಂಬರಿನಲ್ಲಿ ಆಟ ನಿಲ್ಲಿಸಿದರು. ಮರುವರ್ಷ, ಆಟದ ಶ್ರೇಷ್ಠರನ್ನು ಸೇರಿಸಿಕೊಂಡು ಗೌರವಿಸುವ ಹಾಕಿ ಹಾಲ್ ಆಫ್ ಫೇಮ್, ನಿವೃತ್ತಿಯ ನಂತರ ಮೂರು ವರ್ಷ ಕಾಯುವ ತನ್ನ ನಿಯಮ ಸಡಿಲಿಸಿ 31ನೇ ವಯಸ್ಸಿಗೇ ಅವರನ್ನು ಸೇರಿಸಿಕೊಂಡಿತು. ಹೊರಗೆ ಇಷ್ಟು ಗೌರವ, ಒಳಗೆ ಲೆಕ್ಕ ತೆಗೆದು ನೋಡಿದರೆ ತೆರಿಗೆಯ ಬಾಕಿ ಮತ್ತು ಸಾಲ ಸೇರಿ ಆಸ್ತಿಗಿಂತ ಹೆಚ್ಚು. 1980ರಲ್ಲಿ ಓರ್ ಈಗಲ್ಸನ್ ಜೊತೆಗಿನ ಸಂಬಂಧ ಕಡಿದುಕೊಂಡು, ಬೋಸ್ಟನ್ ಕಡೆಗೆ ಮರಳಿ, ಜಾಹೀರಾತು ಮತ್ತು ಕಂಪನಿಗಳ ಪ್ರಚಾರದ ಕೆಲಸದಿಂದ ಮತ್ತೆ ಬದುಕು ಕಟ್ಟಿಕೊಂಡರು.

ಈಗಲ್ಸನ್ ಮಾತ್ರ ಆಟಗಾರರ ಸಂಘದ ಕುರ್ಚಿಯಲ್ಲಿ 1992ರ ತನಕ ಕುಳಿತೇ ಇದ್ದರು. ಅವರನ್ನು ಇಳಿಸಿದ್ದರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಕಾರ್ಲ್ ಬ್ರೂವರ್ ಎಂಬ ನಿವೃತ್ತ ಆಟಗಾರರು ತಮ್ಮ ಪಿಂಚಣಿ ಏಕಿಷ್ಟು ಕಡಿಮೆ ಎಂದು ಕೇಳುವುದನ್ನು ಬಿಡಲಿಲ್ಲ. ನಮ್ಮ ಬೋಸ್ಟನ್ನಿನ ಉತ್ತರಕ್ಕಿರುವ ಲಾರೆನ್ಸ್ ಊರಿನ 'ಈಗಲ್ ಟ್ರಿಬ್ಯೂನ್' ಎಂಬ ಪುಟ್ಟ ಪತ್ರಿಕೆಯ ಕ್ರೀಡಾ ಸಂಪಾದಕ ರಸ್ ಕಾನ್ವೇ 1991ರಿಂದ ದಾಖಲೆಗಳನ್ನು ಹುಡುಕಿ ಹುಡುಕಿ ಬರೆದರು. ದೊಡ್ಡ ಪತ್ರಿಕೆಗಳು ಬರೆಯದ್ದನ್ನು ಊರಿನ ಪತ್ರಿಕೆ ಬರೆಯಿತು. 1998ರ ಜನವರಿಯಲ್ಲಿ ಈಗಲ್ಸನ್ ಬೋಸ್ಟನ್ ಮತ್ತು ಟೊರೊಂಟೊ ನ್ಯಾಯಾಲಯಗಳಲ್ಲಿ ವಂಚನೆಯ ತಪ್ಪೊಪ್ಪಿಕೊಂಡರು. ಕೆನಡಾದಲ್ಲಿ 18 ತಿಂಗಳ ಸೆರೆ ಶಿಕ್ಷೆಯಾಯಿತು. ಅವರ ಹೆಸರು ಹಾಲ್ ಆಫ್ ಫೇಮ್‌ನಲ್ಲಿ ಉಳಿಯುವುದಾದರೆ ನಮ್ಮ ಹೆಸರು ತೆಗೆಯಿರಿ ಎಂದು ಓರ್ ಸೇರಿ ಹಲವು ಹಿರಿಯ ಆಟಗಾರರು ಹೇಳಿದ ಮೇಲೆ ಅಲ್ಲಿಂದಲೂ ರಾಜೀನಾಮೆ ಕೊಟ್ಟರು.

ಓರ್ ಅವರ ಈಗಿನ ಕೆಲಸವೇನು?
– ಮಂಡ್ಯದ ಓದುಗರು

ಆಟ ಬಿಟ್ಟು ಬಹುಕಾಲದ ಮೇಲೆ, 1990ರ ದಶಕದಲ್ಲಿ, ಅವರೇ ಆಟಗಾರರ ಏಜೆಂಟ್ ಆದರು. ಅವರ ಬದುಕಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇದು. ಆ ವೃತ್ತಿಯನ್ನೇ ಶಪಿಸಿ ದೂರ ಇರಬಹುದಾಗಿತ್ತು. ಈ ಕೆಲಸವನ್ನು ನ್ಯಾಯವಾಗಿಯೂ ಮಾಡಬಹುದು ಎಂದು ಅವರು ಅದರೊಳಗೇ ಕುಳಿತು ತೋರಿಸಿದರು. ಈಗಿನ ದೊಡ್ಡ ಆಟಗಾರ ಕಾನರ್ ಮೆಕ್‌ಡೇವಿಡ್ ಲೀಗಿಗೆ ಬಂದದ್ದು ಓರ್ ಅವರ ಸಂಸ್ಥೆಯ ಮೂಲಕವೇ.

ನನ್ನ ಮಗನಿಗೆ 15 ವರ್ಷ, ಬ್ಯಾಡ್ಮಿಂಟನ್‌ನಲ್ಲಿ ಹೆಸರು ಮಾಡುತ್ತಿದ್ದಾನೆ. ಒಬ್ಬರು ಬಂದು ಹತ್ತು ವರ್ಷ ಅವನ ವ್ಯವಹಾರ ನೋಡಿಕೊಳ್ಳುತ್ತೇವೆ, ಸಹಿ ಹಾಕಿ ಎನ್ನುತ್ತಿದ್ದಾರೆ. ನೀವು ಓರ್ ಹೆಸರು ಎತ್ತಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ.
– ಬೆಂಗಳೂರಿನ ತಾಯಿ

ಅಮ್ಮಾ, ಹೆದರಬೇಡಿ, ಆದರೆ ಅವಸರವನ್ನೂ ಮಾಡಬೇಡಿ. ಓರ್ 14ನೇ ವಯಸ್ಸಿಗೇ ಬ್ರೂಯಿನ್ಸ್‌ಗೆ ಬರೆದುಕೊಟ್ಟರು. ಮನೆಯವರಿಗೆ ಸಿಕ್ಕಿದ್ದು ಸ್ವಲ್ಪ ಹಣ, ಒಂದು ಕಾರು, ಮನೆಯ ಹೊರಗೋಡೆಗೆ ಗಿಲಾವು. ನಮ್ಮ ದೇಶದ ಕಾನೂನಿನಲ್ಲಿ 18 ತುಂಬದವರ ಕರಾರಿಗೆ ಬೆಲೆಯಿಲ್ಲ, ಅದಕ್ಕೇ ಅವರು ನಿಮ್ಮ ಸಹಿ ಕೇಳುತ್ತಾರೆ. ಹತ್ತು ವರ್ಷ ಬಹಳವಾಯಿತು, ಒಂದೆರಡು ವರ್ಷಕ್ಕೆ ಇಳಿಸಿ, ನಡುವೆ ಬಿಟ್ಟುಬರುವ ದಾರಿ ಕಾಗದದಲ್ಲೇ ಇರಲಿ. ಅವರ ಪಾಲು ಶೇಕಡ ಎಷ್ಟು, ಯಾವುದರ ಮೇಲೆ ಎಂದು ಬರೆಸಿಕೊಳ್ಳಿ. ಬಹುಮಾನ ಮತ್ತು ಜಾಹೀರಾತಿನ ಹಣ ಮಗನ ಖಾತೆಗೇ ಮೊದಲು ಬರಲಿ, ಅಲ್ಲಿಂದ ಅವರ ಪಾಲನ್ನು ನೀವು ಕೊಡಿ. ಎಲ್ಲ ವ್ಯವಹಾರಕ್ಕೂ ಅನ್ವಯಿಸುವ ಮುಖ್ತ್ಯಾರುಪತ್ರ ಕೊಡಬೇಡಿ. ಮಗನ ಹೆಸರಿಗೆ ಯಾರಿಂದ ಯಾವ ಪ್ರಸ್ತಾಪ ಬಂದರೂ, ಅವರಿಗೆ ಒಪ್ಪಿಗೆಯಾಗಲಿ ಬಿಡಲಿ, ಅದರ ಪ್ರತಿ ನೇರವಾಗಿ ನಿಮಗೆ ಬರಬೇಕು ಎಂಬ ಸಾಲು ಕರಾರಿನಲ್ಲಿ ಇರಲೇಬೇಕು. ಆ ಸಾಲು ಸೇರಿಸಲು ಅವರು ಒಪ್ಪದಿದ್ದರೆ ಸಹಿ ಹಾಕಬೇಡಿ. ಒಪ್ಪಿದರೆ ಕರಡನ್ನು ಅವರಿಗೆ ಪರಿಚಯವಿಲ್ಲದ, ನೀವೇ ಆರಿಸಿದ ವಕೀಲರೊಬ್ಬರಿಗೆ ತೋರಿಸಿ, ಅವರ ಶುಲ್ಕವನ್ನು ನೀವೇ ಕೊಡಿ.